ಆ್ಯಪ್ ಹಾಕಿಕೊಳ್ಳುವ ಮೊದಲೇ ಹೊರಬರುವ ದಾರಿ ನೋಡಿಕೊಳ್ಳಿ

ಫೋನಿನಲ್ಲಿ ತೊಂಬತ್ತರ ಮೇಲೆ ಆ್ಯಪ್‌ಗಳಿವೆ, ಟಿಪ್ಪಣಿ ಬರೆಯುವುದಕ್ಕೇ ಮೂರಿವೆ, ಎಲ್ಲವನ್ನೂ ರೇಟಿಂಗ್ ನೋಡಿಯೇ ಹಾಕಿಕೊಂಡೆ, ಆದರೂ ಯಾವುದೂ ಕೈಗೆ ಒಗ್ಗುತ್ತಿಲ್ಲ, ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳಿದ್ದೀರಿ. ನಾನು ಹೆಸರುಗಳ ಪಟ್ಟಿ ಕೊಡುವುದಿಲ್ಲ, ಅಂಥ ಪಟ್ಟಿ ಬೇಗ ಹಳತಾಗುತ್ತದೆ. ನಾನು ಆರಿಸುವ ರೀತಿಯನ್ನು ಹೇಳುತ್ತೇನೆ. ಅದನ್ನು ಕಲಿತದ್ದು ಒಂದು ನಷ್ಟದಿಂದ.

ಮಗಳು ಮಾತು ಕಲಿಯುತ್ತಿದ್ದ ಕಾಲದಲ್ಲಿ ಅವಳ ತೊದಲು ಮಾತುಗಳನ್ನೆಲ್ಲ ಒಂದು ಡೈರಿ ಆ್ಯಪ್‌ನಲ್ಲಿ ಬರೆದಿಡುತ್ತಿದ್ದೆ. ಯಾವ ದಿನ ಯಾವ ಪದ ಹೇಳಿದಳು, ಯಾವುದಕ್ಕೆ ಏನೆಂದು ಹೆಸರಿಟ್ಟಳು, ಎಲ್ಲವನ್ನೂ. ಆ್ಯಪ್ ನೋಡಲು ಚೆಂದವಿತ್ತು, ರೇಟಿಂಗ್ ಕೂಡ ತುಂಬ ಚೆನ್ನಾಗಿತ್ತು. ಎರಡೂವರೆ ವರ್ಷ ಬರೆದೆ. ನಡುವೆ ಕೆಲವು ತಿಂಗಳು ತೆರೆಯಲಿಲ್ಲ. ಮತ್ತೆ ತೆರೆದಾಗ ಲಾಗಿನ್ ಆಗಲೇ ಇಲ್ಲ. ಹುಡುಕಿದರೆ, ಸೇವೆ ನಿಲ್ಲಿಸುತ್ತಿದ್ದೇವೆ, 30 ದಿನದೊಳಗೆ ನಿಮ್ಮ ಬರಹಗಳನ್ನು ಇಳಿಸಿಕೊಳ್ಳಿ ಎಂಬ ಇಮೇಲ್ ಜಾಹೀರಾತಿನ ಮೇಲ್‌ಗಳ ನಡುವೆ ಬಿದ್ದಿತ್ತು. ಗಡುವು ಮುಗಿದು ಮೂರು ವಾರವಾಗಿತ್ತು. ಕೆಲವು ಪದಗಳು ನನಗೂ ಹೆಂಡತಿಗೂ ನೆನಪಿವೆ. ಉಳಿದವು ಹೋದವು. ಇವತ್ತಿಗೂ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ರೇಟಿಂಗ್ ಈ ವಿಷಯ ಹೇಳುವುದಿಲ್ಲ. ಎಷ್ಟೋ ಆ್ಯಪ್‌ಗಳು ಹಾಕಿಕೊಂಡ ಎರಡು ಮೂರು ದಿನಕ್ಕೇ ನಕ್ಷತ್ರ ಕೊಡಿ ಎಂದು ಕೇಳುತ್ತವೆ. ಆಗ ಕೊಡುವ ನಕ್ಷತ್ರ ಮೊದಲ ನೋಟಕ್ಕೆ ಸಿಕ್ಕಿದ್ದು, ಎರಡು ವರ್ಷದ ಬಾಳಿಕೆಗಲ್ಲ. ಹಾಗಾಗಿ ನಾನು ವಿಮರ್ಶೆಗಳನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸಿಕೊಂಡು, ಎರಡು ಮೂರು ನಕ್ಷತ್ರ ಕೊಟ್ಟವರ ಮಾತನ್ನು ಓದುತ್ತೇನೆ. ಬಹಳ ದಿನ ಬಳಸಿ ಬೇಸರಗೊಂಡವರು ಹೆಚ್ಚಾಗಿ ಅಲ್ಲಿ ಸಿಗುತ್ತಾರೆ.

ಅದಕ್ಕಿಂತ ಮುಖ್ಯವಾದದ್ದು ಒಂದು ಸಣ್ಣ ಪರೀಕ್ಷೆ. ಹೊಸ ಆ್ಯಪ್‌ನಲ್ಲಿ ಎರಡು ಸುಳ್ಳು ಟಿಪ್ಪಣಿ ಬರೆಯುತ್ತೇನೆ, ಒಂದಕ್ಕೆ ಫೋಟೋ ಸೇರಿಸುತ್ತೇನೆ. ಆಮೇಲೆ ಅದರ ಸೆಟ್ಟಿಂಗ್ಸ್‌ಗೆ ಹೋಗಿ, ಬರೆದದ್ದನ್ನು ಫೈಲಾಗಿ ಹೊರತೆಗೆಯುವ 'ಎಕ್ಸ್‌ಪೋರ್ಟ್' ಎಲ್ಲಿದೆ ಎಂದು ಹುಡುಕುತ್ತೇನೆ. ಹೊರಬಂದ ಫೈಲನ್ನು ಬೇರೆ ಯಾವುದಾದರೂ ಆ್ಯಪ್‌ನಲ್ಲಿ ತೆರೆದು ನೋಡುತ್ತೇನೆ. ಬರೀ ಅಕ್ಷರದ ಫೈಲ್ ಬಂದರೆ, ಲೆಕ್ಕಪತ್ರವಾದರೆ ಸಿಎಸ್‌ವಿ ಎಂಬ, ಯಾವ ಲೆಕ್ಕದ ಆ್ಯಪ್ ಬೇಕಾದರೂ ಓದಬಲ್ಲ ಸರಳ ಪಟ್ಟಿಯ ಫೈಲ್ ಬಂದರೆ, ಆ ಆ್ಯಪ್ ನನಗೆ ಒಪ್ಪಿಗೆ. ಅದೇ ಆ್ಯಪ್ ಮಾತ್ರ ಓದಬಲ್ಲ ಫೈಲ್ ಬಂದರೆ, ಅಥವಾ ಹೊರತೆಗೆಯುವ ದಾರಿಯೇ ಇಲ್ಲದಿದ್ದರೆ, ಅದೆಷ್ಟೇ ಚೆಂದವಿರಲಿ, ಅವತ್ತೇ ತೆಗೆದುಹಾಕುತ್ತೇನೆ. ಹತ್ತು ನಿಮಿಷದ ಕೆಲಸ.

ದೊಡ್ಡ ಕಂಪನಿಯದಾದರೆ ಮುಚ್ಚುವ ಭಯವಿಲ್ಲ ಎಂದುಕೊಳ್ಳಬೇಡಿ. ಕೆಲಸಗಳ ಪಟ್ಟಿಗೆ ಹೆಸರಾಗಿದ್ದ ವಂಡರ್‌ಲಿಸ್ಟ್ ಆ್ಯಪನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡುಕೊಂಡಿತು, 2020ರ ಮೇ ತಿಂಗಳಲ್ಲಿ ಮುಚ್ಚಿತು. ಹಲವು ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ನಿಂತುಹೋಯಿತು. ಆದರೆ ರೀಡರ್ ಬಳಸುತ್ತಿದ್ದವರು ತಾವು ಓದುವ ತಾಣಗಳ ಪಟ್ಟಿಯನ್ನು ಒಪಿಎಂಎಲ್ ಎಂಬ ಸಾಮಾನ್ಯ ರೂಪದ ಫೈಲಾಗಿ ಇಳಿಸಿಕೊಂಡು ಬೇರೆ ಕಡೆಗೆ ಹೋಗಲು ಸಾಧ್ಯವಾಯಿತು. ಅಂಗಡಿ ಮುಚ್ಚಿದರೂ ಅವರ ಗಂಟು ಅವರ ಕೈಯಲ್ಲೇ ಇತ್ತು. ನನಗೆ ಬೇಕಾಗಿದ್ದೂ ಇಷ್ಟೇ.

ಇಲ್ಲಿ ಬಹಳ ಜನ ಎಡವುವ ಒಂದು ಮಾತಿದೆ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಎಂದರೆ ಎರಡು ಕಡೆ ಒಂದೇ ರೀತಿ ಇರಿಸುವುದು. ಫೋನಿನಲ್ಲಿ ಅಳಿಸಿದರೆ ಕಂಪ್ಯೂಟರಿನಲ್ಲೂ ಅಳಿದುಹೋಗುತ್ತದೆ. ತಿಂಗಳಿಗೊಮ್ಮೆ ಒಂದು ನಕಲನ್ನು ಬೇರೆಡೆ ತೆಗೆದಿಟ್ಟರೆ ಮಾತ್ರ ಅದು ಬ್ಯಾಕಪ್.

ಪಾಸ್‌ವರ್ಡ್ ಜೊತೆಗೆ ಒಂದು ಸಂಖ್ಯೆಯನ್ನೂ ಕೇಳುವ ಎರಡು ಹಂತದ ಲಾಗಿನ್‌ಗೆ ಬಳಸುವ ಆಥೆಂಟಿಕೇಟರ್ ಆ್ಯಪ್‌ಗಳಲ್ಲಿ ಇದೇ ಮಾತು ಇನ್ನೂ ಗಂಭೀರ. ಅದು 30 ಸೆಕೆಂಡಿಗೊಮ್ಮೆ ತೋರಿಸುವ ಆರಂಕಿಯ ಸಂಖ್ಯೆ ಇಂಟರ್ನೆಟ್ಟಿನಿಂದ ಬರುವುದಲ್ಲ. ಫೋನಿನೊಳಗೆ ಇಟ್ಟ ಒಂದು ಗುಟ್ಟಿನ ಕೀಲಿಯನ್ನೂ ಗಡಿಯಾರದ ಸಮಯವನ್ನೂ ಸೇರಿಸಿ ಅಲ್ಲೇ ಲೆಕ್ಕ ಹಾಕಿದ್ದು. ಕೀಲಿಯ ಪ್ರತಿ ಬೇರೆಲ್ಲೂ ಇಲ್ಲದೆ ಫೋನ್ ಕಳೆದರೆ ಖಾತೆಗಳ ಬಾಗಿಲು ನಿಮಗೇ ಮುಚ್ಚುತ್ತದೆ. ಎರಡು ಹಂತದ ಲಾಗಿನ್ ಶುರು ಮಾಡಿದಾಗ, ಫೋನ್ ಇಲ್ಲದಿದ್ದರೂ ಒಳಹೋಗಲು ಕೊಡುವ ರಿಕವರಿ ಕೋಡ್‌ಗಳನ್ನು ದಯವಿಟ್ಟು ಕಾಗದದ ಮೇಲೆ ಬರೆದಿಡಿ. ಫೋನ್ ಬದಲಿಸುವಾಗ ಹೊಸದರಲ್ಲಿ ಲಾಗಿನ್ ಆಗುವುದನ್ನು ಖಚಿತಪಡಿಸಿಕೊಳ್ಳುವವರೆಗೆ ಹಳೆಯದನ್ನು ಅಳಿಸಬೇಡಿ.

ಇನ್ನು ಆ್ಯಪ್ ಕೇಳುವ ಅನುಮತಿಗಳ ವಿಚಾರ. ನೀವು ಹಾಕಿದ್ದು ಹೊರಬರುತ್ತದೆಯೇ ಎಂದು ನೋಡಿದಷ್ಟೇ, ನಿಮಗೆ ಗೊತ್ತಿಲ್ಲದೆ ಏನು ಹೊರಹೋಗುತ್ತದೆ ಎಂದೂ ನೋಡಬೇಕು. 2013ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಒಂದು ಟಾರ್ಚ್ ಆ್ಯಪ್ ತಯಾರಕರ ಮೇಲೆ ಕ್ರಮ ಕೈಗೊಂಡಿತು. ಕೋಟಿಗಟ್ಟಲೆ ಸಲ ಡೌನ್‌ಲೋಡ್ ಆಗಿದ್ದ ಆ ಆ್ಯಪ್, ಬಳಸುವವರು ಎಲ್ಲಿದ್ದಾರೆ ಎಂಬ ಮಾಹಿತಿಯನ್ನು ಅವರಿಗೆ ತಿಳಿಸದೆ ಜಾಹೀರಾತು ಜಾಲಗಳಿಗೆ ಕಳಿಸುತ್ತಿತ್ತು. ಬೆಳಕು ಕೊಡುವ ಕೆಲಸಕ್ಕೆ ಊರು ಕೇರಿ ಯಾಕೆ ಬೇಕು? ಇದೇ ಪ್ರಶ್ನೆಯನ್ನು ಪ್ರತಿ ಆ್ಯಪ್‌ಗೂ ಕೇಳಿ. ಆ ಕಾಲದಲ್ಲಿ ಆಂಡ್ರಾಯ್ಡ್‌ನಲ್ಲಿ ಎಲ್ಲ ಅನುಮತಿಗಳನ್ನೂ ಹಾಕಿಕೊಳ್ಳುವಾಗಲೇ ಒಟ್ಟಿಗೆ ಒಪ್ಪಬೇಕಿತ್ತು. 2015ರ ಆಂಡ್ರಾಯ್ಡ್ 6ರಿಂದ ಒಂದೊಂದನ್ನೂ ಬೇಕಾದ ಹೊತ್ತಿನಲ್ಲಿ ಕೇಳುತ್ತದೆ. 2020ರ ಆಂಡ್ರಾಯ್ಡ್ 11ರಲ್ಲಿ ಈ ಒಂದು ಸಲಕ್ಕೆ ಮಾತ್ರ ಒಪ್ಪುವ ಆಯ್ಕೆ ಬಂತು. ನಾನು ಮೊದಲು ಎಲ್ಲದಕ್ಕೂ ಬೇಡ ಅನ್ನುತ್ತೇನೆ. ಕೆಲಸ ನಿಂತರೆ ಆ ಒಂದನ್ನು ಕೊಡುತ್ತೇನೆ. ಹೆಚ್ಚಿನವು ಏನೂ ಕೊಡದೆಯೇ ನಡೆಯುತ್ತವೆ.

ಒಂದನ್ನಂತೂ ಎಚ್ಚರದಿಂದ ನೋಡಿ, 'ಆ್ಯಕ್ಸೆಸಿಬಿಲಿಟಿ' ಅನುಮತಿ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವಂಥ ಆ್ಯಪ್‌ಗಳಿಗೆ ಅದು ಬೇಕೇ ಬೇಕು. ಆದರೆ ಅದನ್ನು ಪಡೆದ ಆ್ಯಪ್ ಪರದೆಯ ಮೇಲಿರುವುದನ್ನು ಓದಬಲ್ಲದು, ನಿಮ್ಮ ಪರವಾಗಿ ಒತ್ತಬಲ್ಲದು. ವಾಲ್‌ಪೇಪರ್ ಆ್ಯಪೋ ಆಟವೋ ಅದನ್ನು ಕೇಳಿದರೆ ಹಿಂದೆಮುಂದೆ ನೋಡದೆ ತೆಗೆದುಬಿಡಿ.

ಫೋನಿನ ವೇಗ ಹೆಚ್ಚಿಸುವ, ಮೆಮೊರಿ ಸ್ವಚ್ಛ ಮಾಡುವ ಆ್ಯಪ್‌ಗಳಿದ್ದರೆ ಅವನ್ನೂ ತೆಗೆಯಿರಿ. ಆ ಕೆಲಸವನ್ನು ಫೋನೇ ಮಾಡಿಕೊಳ್ಳುತ್ತದೆ. ಅವು ಬಲವಂತವಾಗಿ ಮುಚ್ಚಿದ ಆ್ಯಪನ್ನು ಮತ್ತೆ ಮೊದಲಿನಿಂದ ತೆರೆಯಲು ಹೆಚ್ಚು ಬ್ಯಾಟರಿ ಬೇಕು. ದುಡ್ಡು ಕಟ್ಟಿ ಬಳಸುತ್ತಿರುವ ಆ್ಯಪ್ ಬೇಡವಾದರೆ ಮೊದಲು ಸ್ಟೋರ್‌ನಲ್ಲಿ ಚಂದಾ ರದ್ದು ಮಾಡಿ. ಆ್ಯಪ್ ತೆಗೆದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ.

ನಿಮ್ಮ ಮೂರು ಟಿಪ್ಪಣಿ ಆ್ಯಪ್‌ಗಳ ವಿಚಾರಕ್ಕೆ ಬರುತ್ತೇನೆ. ಚೆಂದ, ಬಣ್ಣ, ಸೌಲಭ್ಯ ಇವನ್ನು ಈಗ ಹೋಲಿಸಬೇಡಿ. ಮೂರರಿಂದಲೂ ಇವತ್ತೇ ಎಕ್ಸ್‌ಪೋರ್ಟ್ ಮಾಡಿ ನೋಡಿ. ಯಾವುದರಿಂದ ನಿಮ್ಮ ಬರಹ ತಾರೀಖು, ಫೋಟೋ ಸಮೇತ ಪೂರ್ತಿ ಹೊರಬರುತ್ತದೋ ಅದನ್ನು ಇಟ್ಟುಕೊಳ್ಳಿ. ಉಳಿದೆರಡರಲ್ಲಿ ಇರುವುದನ್ನು ಅದಕ್ಕೆ ಸಾಗಿಸಿ. ಫೈಲ್ ಬರದಿದ್ದರೆ ಕುಳಿತು ಒಂದೊಂದಾಗಿ ನಕಲು ಮಾಡಿದರೂ ಸರಿ, ಒಂದು ಭಾನುವಾರ ಹೋಗಲಿ. ಉಳಿದ ಆ್ಯಪ್‌ಗಳನ್ನು ಆಮೇಲೆ ನಿಧಾನಕ್ಕೆ ತೆಗೆದರಾಯಿತು. ಅವುಗಳೊಳಗೆ ನಿಮ್ಮದೇನೂ ಇಲ್ಲದಿದ್ದರೆ ಬೇಕಾದಾಗ ಮತ್ತೆ ಹಾಕಿಕೊಳ್ಳಬಹುದು.