ಬ್ಯಾಟರಿ ಕೆಲಸ, ವಸಡಿನಲ್ಲಿ ನೀಲಿ ಗೆರೆ

ನಿಮ್ಮ ತಮ್ಮನ ವಸಡಿನಲ್ಲಿರುವುದು ಸೀಸದ ಗೆರೆ ಇರಬಹುದು. ಅವನು ಎರಡು ವರ್ಷದಿಂದ ಬ್ಯಾಟರಿಯ ಸೀಸದ ಪ್ಲೇಟ್ ಕೆಲಸದಲ್ಲಿದ್ದಾನೆ, ಹಲ್ಲು ಕ್ಲೀನ್ ಮಾಡಿಸಿದರೂ ವಸಡಿನ ಅಂಚಿನ ನೀಲಿ-ಕಪ್ಪು ಗೆರೆ ಹೋಗಿಲ್ಲ ಅಂದಿದ್ದೀರಲ್ವಾ, ಅದಕ್ಕೇ ಈ ಅನುಮಾನ. ರಕ್ತದ ಸೀಸವೂ ಹಲ್ಲಿನ ಕೊಳೆಯ ಬ್ಯಾಕ್ಟೀರಿಯಾ ಬಿಡುವ ಗಂಧಕದ ಗ್ಯಾಸೂ ಸೇರಿ ವಸಡಿನ ಒಳಗೇ ಕಪ್ಪಾಗಿ ಕೂರುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆದರೆ ಹುಟ್ಟಿನಿಂದ ಬಂದ ಬಣ್ಣ, ಬೆಳ್ಳಿ ಫಿಲ್ಲಿಂಗಿನ ಕಲೆಯೂ ಹೀಗೇ ಕಾಣಬಹುದು. ಗೆರೆ ನೋಡಿಯೇ ತೀರ್ಮಾನಿಸಬೇಡಿ.

ಮೊದಲು ಬ್ಲಡ್ ಲೆಡ್ ಟೆಸ್ಟ್ (ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡುವುದು) ಮಾಡಿಸಿ. ಜೊತೆಗೆ ಹಿಮೋಗ್ಲೋಬಿನ್, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತಿಳಿಸುವ ಫೆರಿಟಿನ್ ಕೂಡ. ಕಬ್ಬಿಣದ ಅಂಶ ಕಡಿಮೆ ಇದ್ದರೆ ಮೈ ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದರೆ ಅದರ ಆಸ್ಪತ್ರೆಗೇ ಹೋಗಿ, ಕೆಲಸ ಏನೆಂದು ಬಿಡಿಸಿ ಹೇಳಿ. ನಮ್ಮ ಶೆಡ್ಡಿನವನೊಬ್ಬ ಸುಮ್ನೆ 'ವಸಡು ನೋವು' ಅಂದ, ಆರು ತಿಂಗಳು ಮೌತ್‌ವಾಶ್‌ನಲ್ಲೇ ಕಳೆಯಿತು.

ರಿಪೋರ್ಟ್‌ನಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೂ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕು. ಊಟಕ್ಕೆ, ಬೀಡಿಗೆ ಮೊದಲು ಸೋಪು ಹಾಕಿ ಕೈ ತೊಳೆಯಲಿ. ಕೆಲಸದ ಬಟ್ಟೆ ಮನೆಗೆ ತರುವುದು ಬೇಡ, ಮಕ್ಕಳಿದ್ದರಂತೂ ಬೇಡವೇ ಬೇಡ. ಸೀಸ ಇಳಿಸುವ ಮಾತ್ರೆ ಡಾಕ್ಟರ್ ಬರೆಯದೆ ಕೊಡಬೇಡಿ. ಹೊಟ್ಟೆ ಹಿಂಡಿದಂತೆ ನೋವು, ಮಣಿಕಟ್ಟು ಎತ್ತಲಾಗದಂಥ ನಿಶ್ಶಕ್ತಿ ಇದ್ದರೆ ಟೆಸ್ಟಿಗೂ ಕಾಯದೆ ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.