ಲಾಕ್‌ಡೌನ್‌ನಲ್ಲಿ ಮುರಿದ ದವಡೆ: ಡೊಂಬಿವಲಿಯ ಪ್ರಶ್ನೆಗೆ

ನಮಸ್ಕಾರ. 2020ರ ಏಪ್ರಿಲ್‌ನಲ್ಲಿ ನಿಮ್ಮ ತಂದೆ ಡೊಂಬಿವಲಿಯ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ದವಡೆ ಮುರಿದುಕೊಂಡರು, ಆಸ್ಪತ್ರೆಯಲ್ಲಿ ಮೂಳೆ ಜೋಡಿಸುವ ಲೋಹದ ಪ್ಲೇಟ್ ಹಾಕದೆ, ದವಡೆ ಅಲುಗದಂತೆ ಮೇಲಿನ-ಕೆಳಗಿನ ಹಲ್ಲಿಗೆ ತಂತಿ ಕಟ್ಟಿ ಕಳಿಸಿದರು, ಇದು ಅಸಡ್ಡೆಯಾ ಅಂತ ಕೇಳಿದ್ದೀರಿ. ನಾನೂ ಮುಂಬೈಯಲ್ಲೇ ದಂತವೈದ್ಯ. ನನಗೆ ಹಾಗೆ ಅನಿಸುವುದಿಲ್ಲ.

ಪ್ಲೇಟ್ ಕೂರಿಸಲು ಮೂಳೆಗೆ ಡ್ರಿಲ್ ಹಾಕಬೇಕು. ಆಗ ಬಾಯಿಯಿಂದ ತುಂತುರು ಏಳುತ್ತದೆ, ಕೋವಿಡ್ ಹರಡುವ ಭಯ ಇದ್ದದ್ದೇ ಅಲ್ಲಿ. ಹಾಗಾಗಿ ಮೂಳೆ ಜಾಸ್ತಿ ಜರುಗದಿದ್ದವರಿಗೆ ತಂತಿಯೇ ಸಾಕು ಅಂತ ಎಷ್ಟೋ ಕಡೆ ನಿರ್ಧರಿಸಿದರು. ಅದು ಹಳೆಯ, ನಂಬಿಕಸ್ಥ ವಿಧಾನ.

ನಮ್ಮಲ್ಲಿ ಮುಖದ ಮೂಳೆ ಮುರಿಯಲು ಮೊದಲ ಕಾರಣ ರಸ್ತೆ ಅಪಘಾತ, ಅದರಲ್ಲೂ ಬೈಕ್. ಮಾರ್ಚ್ 25ರಿಂದ ರಸ್ತೆ ಖಾಲಿ. ಲೋಕಲ್ ರೈಲು ಕೂಡ ನಿಂತಿತ್ತು. ಇಂಥ ಗಾಯಗಳು ಒಟ್ಟಿನಲ್ಲಿ ಇಳಿದವು, ಆದರೆ ಬಂದವರಲ್ಲಿ ಮನೆಯಲ್ಲಿ ಬಿದ್ದವರ ಪಾಲು ಏರಿತು. ಗದ್ದ ನೆಲಕ್ಕೆ ಬಡಿದರೆ ಏಟು ಅಲ್ಲೇ ನಿಲ್ಲುವುದಿಲ್ಲ. ದವಡೆಗುಂಟ ಸಾಗಿ ಕಿವಿಯ ಮುಂದಿನ ಕೀಲಿನ ಕೆಳಗಿನ ತೆಳು ಭಾಗವನ್ನು ಮುರಿಯಬಹುದು.

ಮನೆಯಲ್ಲೇ ಹೊಡೆತ ತಿಂದವರೂ ಇದ್ದರು. ಕೆನ್ನೆಮೂಳೆ ಮುರಿದ ಹೆಂಗಸು 'ಬಿದ್ದೆ' ಅಂದರೆ, ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಇನ್ನೊಮ್ಮೆ ಕೇಳಲೇಬೇಕು. ಇದನ್ನು ಸುಮ್ನೆ ಹೇಳುತ್ತಿಲ್ಲ.

ತಂದೆಯವರಿಗೆ ಕನ್ನಡಿ ಮುಂದೆ ನಿಧಾನ ಬಾಯಿ ತೆರೆಯಲು ಹೇಳಿ. ಗದ್ದ ಒಂದು ಕಡೆ ವಾಲಿದರೆ, ಅಥವಾ ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ, ದವಡೆ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಈಗಲೂ ತಡವಾಗಿಲ್ಲ.