ಮಂದ ಹೊಳಪಿಗೆ ಎಂಥ ಕ್ಯಾಮೆರಾ?

ಪ್ರಶ್ನೆ: ನಮ್ಮ ಲ್ಯಾಬಿನ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿಗೆ (ಬೆಳಕು ಬಿಟ್ಟಾಗ ಹೊಳೆಯುವ ವಸ್ತುಗಳನ್ನು ನೋಡುವಂಥದ್ದು) ಕ್ಯಾಮೆರಾ ಬೇಕು. ನೋಡುವುದು ಡ್ಯಾಪಿ (ಡಿಎನ್‌ಎಗೆ ಅಂಟಿ ನೀಲಿಯಾಗಿ ಹೊಳೆಯುವ ಬಣ್ಣ) ಮತ್ತು ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್). ಹಣ ಕಡಿಮೆ. 20 ಮೆಗಾಪಿಕ್ಸೆಲ್‌ನ ಕಲರ್ ಕ್ಯಾಮೆರಾ ಒಂದು ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಅದೇ ದುಡ್ಡಿಗೆ ಕಪ್ಪು-ಬಿಳುಪು ಕ್ಯಾಮೆರಾ ಹುಡುಕಿ. ಮೆಗಾಪಿಕ್ಸೆಲ್ ಎರಡೇ ಇದ್ದರೂ ಪರವಾಗಿಲ್ಲ.

ಹಸಿರು, ನೀಲಿ ಹೊಳಪನ್ನು ಹಿಡಿಯೋಕೆ ಬಣ್ಣವೇ ಕಾಣದ ಕ್ಯಾಮೆರಾನಾ ಅನ್ನಿಸುತ್ತೆ ಅಲ್ವಾ? ಕಲರ್ ಸೆನ್ಸರಿನ ಒಂದೊಂದು ಪಿಕ್ಸೆಲ್ ಮೇಲೂ ಪುಟ್ಟ ಫಿಲ್ಟರ್ ಕೂತಿರುತ್ತದೆ. ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಡ್ಯಾಪಿ ಹೊಳೆಯುವುದು 460 ನ್ಯಾನೋಮೀಟರ್ ಆಸುಪಾಸಿನ ನೀಲಿಯಲ್ಲಿ. ಅದನ್ನು ಚೆನ್ನಾಗಿ ಹಿಡಿಯುವುದು ನಾಲ್ಕರಲ್ಲಿ ಒಂದೇ ಪಿಕ್ಸೆಲ್. ಬಣ್ಣ ಬೇರ್ಪಡಿಸುವ ಕೆಲಸವನ್ನು ನಿಮ್ಮ ಮೈಕ್ರೋಸ್ಕೋಪಿನ ಫಿಲ್ಟರ್ ಕ್ಯೂಬ್ (ಬೇಕಾದ ಬಣ್ಣದ ಬೆಳಕನ್ನಷ್ಟೇ ಬಿಡುವ ಭಾಗ) ಹೇಗೂ ಮಾಡಿಕೊಟ್ಟಿರುತ್ತದೆ. ಒಂದೊಂದೇ ಚಾನೆಲ್, ಅಂದರೆ ಒಂದೊಂದೇ ಬಣ್ಣದ ಚಿತ್ರ ತೆಗೆದು, ಉಚಿತವಾಗಿ ಸಿಗುವ ಇಮೇಜ್‌ಜೆ ಸಾಫ್ಟ್‌ವೇರ್‌ನಲ್ಲಿ ಬಣ್ಣ ಹಾಕಿ ಜೋಡಿಸಿದರೆ ಆಯಿತು.

ನಾನು ಶುರು ಮಾಡಿದ್ದು ಕಲರ್ ಕ್ಯಾಮೆರಾದಲ್ಲೇ. ಜಿಎಫ್‌ಪಿ ಇದ್ದ ಕೋಶಗಳಿಗೆ 2 ಸೆಕೆಂಡ್ ಎಕ್ಸ್‌ಪೋಷರ್ ಬೇಕಾಗುತ್ತಿತ್ತು. ಐದಾರು ಚಿತ್ರ ತೆಗೆಯುವಷ್ಟರಲ್ಲಿ ಹೊಳಪು ಕಣ್ಣೆದುರೇ ಆರಿಹೋಗುತ್ತಿತ್ತು. ಸ್ಲೈಡನ್ನು ಸ್ವಲ್ಪ ಸರಿಸಿದರೆ ಹಸಿರಿನ ನಡುವೆ ದುಂಡನೆಯ ಕಪ್ಪು ಕಲೆ. ಬೆಳಕು ಬಿದ್ದಷ್ಟೂ ಜಾಗ ಬ್ಲೀಚ್ ಆಗಿ ಹೊಳಪು ಕಳೆದುಕೊಂಡಿತ್ತು. ವಾರಗಟ್ಟಲೆ ಬೆಳೆಸಿದ ಕೋಶಗಳವು, ತುಂಬಾ ಬೇಜಾರಾಗಿತ್ತು. ಕಪ್ಪು-ಬಿಳುಪು ಕ್ಯಾಮೆರಾ ಹಾಕಿದ ಮೇಲೆ ಅರ್ಧ ಸೆಕೆಂಡೇ ಸಾಕಾಯಿತು.

ಇನ್ನು ಪಿಕ್ಸೆಲ್ ಗಾತ್ರ. 40 ಪಟ್ಟು ದೊಡ್ಡದಾಗಿಸುವ, 0.75 ಎನ್‌ಎ (ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಅನ್ನುವ ಅಳತೆ) ಇರುವ ಆಬ್ಜೆಕ್ಟಿವ್‌ನಲ್ಲಿ, ಅಂದರೆ ಸ್ಲೈಡಿನ ಹತ್ತಿರದ ಲೆನ್ಸ್‌ನಲ್ಲಿ, ಹಸಿರು ಬೆಳಕಿಗೆ ಬಿಡಿಸಿ ಕಾಣುವ ಅತಿ ಸಣ್ಣ ವಿವರ ಸೆನ್ಸರ್ ಮೇಲೆ ಸುಮಾರು 17 ಮೈಕ್ರಾನ್ ಆಗಿ ಬೀಳುತ್ತದೆ. ಒಂದು ವಿವರಕ್ಕೆ ಎರಡು ಪಿಕ್ಸೆಲ್ ಬೇಕು ಅಂದರೂ 8 ಮೈಕ್ರಾನ್ ಪಿಕ್ಸೆಲ್ ಸಾಕು. ಸೋನಿಯ ಐಎಂಎಕ್ಸ್174, ಐಎಂಎಕ್ಸ್249 ಸೆನ್ಸರ್‌ಗಳದ್ದು 5.86 ಮೈಕ್ರಾನ್. 20 ಮೆಗಾಪಿಕ್ಸೆಲ್ ಕ್ಯಾಮೆರಾಗಳಲ್ಲಿ ಸಿಗುವಂಥ 2.4 ಮೈಕ್ರಾನ್ ಪಿಕ್ಸೆಲ್‌ಗೆ ಹೋಲಿಸಿದರೆ ಬೆಳಕು ಹಿಡಿಯೋಕೆ ಒಂದೊಂದಕ್ಕೂ ಸುಮಾರು ಆರು ಪಟ್ಟು ಜಾಗ. ಗ್ರಹಗಳ ಫೋಟೋ ತೆಗೆಯುವವರ ಕೆಲವು ಕ್ಯಾಮೆರಾಗಳಲ್ಲೂ ಇಂಥ ಸೆನ್ಸರ್‌ಗಳು ಇರುತ್ತವೆ, ಬೆಲೆಯೂ ಕಡಿಮೆ. ಆದರೆ ಅದು ನಿಮ್ಮ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತದಾ, ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸುವ ಸಿ-ಮೌಂಟ್‌ಗೆ ಕೂರುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಕೊಳ್ಳುವ ಮುಂಚೆ ಮುಚ್ಚಳ ಹಾಕಿ 1 ಸೆಕೆಂಡಿನ ಚಿತ್ರ ತೆಗೆದು ನೋಡಿ. ಕತ್ತಲಲ್ಲಿ ಪಟ್ಟೆಗಳು, ಬಿಳಿ ಚುಕ್ಕೆಗಳು ತುಂಬಿದ್ದರೆ ಬಿಟ್ಟುಬಿಡಿ. ಆಟೋ ಗೇನ್ (ಕ್ಯಾಮೆರಾ ತಾನೇ ಹೊಳಪು ಏರಿಸಿ ಇಳಿಸುವುದು) ಆಫ್ ಮಾಡೋಕೆ ಬರಬೇಕು, 12 ಬಿಟ್ ಚಿತ್ರವನ್ನು ಟಿಫ್ ಆಗಿ ಉಳಿಸೋಕೆ ಬರಬೇಕು. ಜೆಪೆಗ್‌ನಿಂದ ಹೊಳಪು ಅಳೆಯಬೇಡಿ.

ಹಣ ಉಳಿದರೆ ಸುಮ್ನೆ ದೊಡ್ಡ ಕ್ಯಾಮೆರಾಗೆ ಹಾಕಬೇಡಿ, ಆಬ್ಜೆಕ್ಟಿವ್‌ಗೆ ಹಾಕಿ. 20 ಪಟ್ಟಿನದ್ದರಲ್ಲೇ 0.4 ಎನ್‌ಎ ಬಿಟ್ಟು 0.75ಕ್ಕೆ ಹೋದರೆ ಚಿತ್ರ ಸುಮಾರು 12 ಪಟ್ಟು ಬೆಳಗುತ್ತದೆ.